ಫೆಬ್ರವರಿಯಲ್ಲಿ ಪಚ್ಚಿಲೆ ಶಿಬಿರ!

ಮಾನ್ಯರೇ,

ಪಚ್ಚಿಲೆ (ತಿನ್ನುವ ಕಡಲ ಚಿಪ್ಪು) ಕೃಷಿ ಶಿಬಿರ 'ಯಶಸ್ವಿ' ಎಂದು ನಿನ್ನೆ ಫೋಟೋ ಸಮೇತ ಬಂದ ವರದಿ ಓದಿದೆ. ಹಿಂದಿನ ಸಾಲಿನಲ್ಲಿ ನಾನೂ ಇದ್ದೇನೆ, ಮುಖ ಕಾಣುವುದಿಲ್ಲ. ಶಾಲು ಹೊದಿಸಿಕೊಳ್ಳುವವರು ಅಡ್ಡ ನಿಂತಿದ್ದಾರೆ.

ಹತ್ತು ಗಂಟೆಗೆ ಅಂದಿದ್ದರು. ಉದ್ಘಾಟಕರು ಬಂದದ್ದು ಹನ್ನೆರಡು ಕಳೆದ ಮೇಲೆ. ಹೆದ್ದಾರಿ ದಾಟಲು ಜಾಗವಿಲ್ಲದೆ ಬಿಸಿಲಲ್ಲಿ ಸುತ್ತು ಹಾಕಿ ಬಂದವರಿಗೆ ಒಂದು ಲೋಟ ನೀರೂ ಇಲ್ಲ. ಊಟದ ಕೂಪನ್ ಮೊದಲೇ ಹೆಸರು ಕೊಟ್ಟವರಿಗೆ ಮಾತ್ರ ಅಂತೆ.

ಅದು ಹಾಳಾಗಲಿ. ಫೆಬ್ರವರಿಯಲ್ಲಿ ಈ ಶಿಬಿರ ಇಡುವ ಬುದ್ಧಿ ಯಾರದ್ದು? ಪಚ್ಚಿಲೆ ಮರಿಗಳನ್ನು ಹತ್ತಿ ಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುವುದು ನವೆಂಬರ್, ಡಿಸೆಂಬರಿನಲ್ಲಿ. ಕೆಲವೇ ದಿನದಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಮರಿ ಹಗ್ಗ ಕಚ್ಚಿಕೊಂಡಿರುತ್ತದೆ. ಮತ್ತೆ ಮೇವೂ ಬೇಡ, ಗೊಬ್ಬರವೂ ಬೇಡ, ನೀರು ಸೋಸಿ ತಾನೇ ತಿನ್ನುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೀಳಲೇಬೇಕು. ಜೂನಿನ ಮಳೆಗೆ ನೀರಿನ ಉಪ್ಪು ಇಳಿದರೆ ಎಲ್ಲಾ ಸಾಯುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯದೇ ಆದ ಪಡನ್ನ ಕಡೆಯ ಹೆಂಗಸರು 1996-97ರ ಹೊತ್ತಿಗೇ ಮಾಡಿ ತೋರಿಸಿದ ಕೆಲಸ ಇದು. ನಮಗೆ ಮಾತ್ರ 'ಈಗ ಅರ್ಜಿ ಹಾಕಿ, ಸಬ್ಸಿಡಿ ಮಾರ್ಚ್ ಕಳೆದ ಮೇಲೆ ನೋಡುವ'. ಮಳೆಗಾಲವನ್ನೂ ಇವರೇ ಮುಂದೂಡಿ ಕೊಡುತ್ತಾರಾ?

ಶಿಬಿರದಲ್ಲಿ ಕಡಲಪಾಚಿ ಕೃಷಿಯದ್ದೂ ಒಂದು ವಿಡಿಯೋ ಇತ್ತು, ತಮಿಳುನಾಡಿನ ರಾಮನಾಥಪುರದ್ದು. 45 ದಿನಕ್ಕೊಂದು ಬೆಳೆ, ಬಿದಿರಿನ ತೆಪ್ಪ, ನಗುನಗುತ್ತಾ ಕೊಯ್ಯುವ ಹೆಂಗಸರು. ನಮ್ಮ ಆಟಿ ತಿಂಗಳ ಮಳೆಗಾಲದ ತೆರೆಗೆ ಆ ತೆಪ್ಪ ನಿಲ್ಲುತ್ತಾ ಎಂದು ಒಬ್ಬರು ಕೇಳಿದರು. 'ಒಳ್ಳೆ ಪ್ರಶ್ನೆ' ಎಂದು ಹೇಳಿ ಮೈಕ್ ಆಫ್ ಮಾಡಿದರು.

ಅರ್ಜಿ ಬರೀ ಮಲಯಾಳದಲ್ಲಿ. ಕನ್ನಡದ್ದು ಕೇಳಿದರೆ 'ಪ್ರಿಂಟ್ ಆಗಿ ಬಂದಿಲ್ಲ'. 1984ರಲ್ಲಿ ಜಿಲ್ಲೆ ಆದಾಗಿನಿಂದ ಪ್ರಿಂಟ್ ಆಗುತ್ತಲೇ ಇದೆ! ಹಿಂದೆ ದೋಣಿ ಇಂಜಿನಿನ ಸಬ್ಸಿಡಿಗೂ ಇದೇ ಕತೆ. ಸಾಹೇಬರಿಗೆ ವರ್ಗವಾಯಿತು, ಫೈಲೂ ಅವರ ಜೊತೆ ಹೋಯಿತೋ ಏನೋ.

ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಮರಿ, ಹಗ್ಗ, ದುಡ್ಡು ನವೆಂಬರಿಗೆ ಮೊದಲು ಕೈಗೆ ಬರಲಿ, ಅರ್ಜಿ ಕನ್ನಡದಲ್ಲಿ ಬರಲಿ. ಎರಡೂ ಆಗದಿದ್ದರೆ ಸುಮ್ನೆ ಶಿಬಿರ ಅಂತ ಕರೆದು ನಮ್ಮ ಒಂದು ದಿನದ ಕೂಲಿ ಹಾಳು ಮಾಡುವುದನ್ನಾದರೂ ನಿಲ್ಲಿಸಲಿ. ನಾಚಿಕೆ ಬೇಡವಾ?

– ಒಬ್ಬ ಓದುಗ, ಮೊಗ್ರಾಲ್