ಮಗಳಿಗೊಂದು ಪತ್ರ: ಕರ್ನಾಳಾ ಕಾಡಿಗೆ ಒಬ್ಬಳೇ ಹೋಗಿದ್ದೇಕೆ

ನೆರೂಳ್, ನವಿ ಮುಂಬೈ

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಅಪ್ಪನ ಮೊಣಕಾಲು ನೋವು ಇದ್ದ ಹಾಗೆಯೇ ಇದೆ. ಗುಟ್ಟು ನಿಲ್ಲದ ಬಾಯಿಯೂ ಇದ್ದ ಹಾಗೆಯೇ ಇದೆ. ನಾನು ಕಾಡಿಗೆ ಹೋದ ಸುದ್ದಿಯನ್ನು ನಿನಗೆ ಮುಟ್ಟಿಸಿದವರು ಅವರೇ ಎಂದು ನೀನು ಬೈಯಲು ಶುರು ಮಾಡಿದ ಕೂಡಲೇ ಗೊತ್ತಾಯಿತು. ಈ ವಯಸ್ಸಿನಲ್ಲಿ ಒಬ್ಬಳೇ ಕಾಡು ಸುತ್ತುವ ಹುಚ್ಚು ಯಾಕೆ ಎಂದು ಕೇಳಿದೆ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಕಚೇರಿಯ ಕರೆ ಬಂತು. ಪತ್ರವಾದರೆ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಪೂರ್ತಿ ಓದಲೇಬೇಕು.

ಒಬ್ಬಳೇ ಯಾಕೆ ಎಂಬುದಕ್ಕೇ ಮೊದಲು ಬರುತ್ತೇನೆ. ಶಾಲೆಯಲ್ಲಿ ಇದ್ದಷ್ಟು ವರ್ಷ ಪ್ರತಿ ಚಳಿಗಾಲವೂ ಮಕ್ಕಳನ್ನು ಪಿಕ್ನಿಕ್ಕಿಗೆ ಕರೆದೊಯ್ದವಳು ನಾನು. ಬೊರಿವಲಿಯ ಉದ್ಯಾನ, ಘಾರಾಪುರಿ (ಎಲಿಫೆಂಟಾ), ಇದೇ ಕರ್ನಾಳಾ. ಎಲ್ಲಿಗೆ ಹೋದರೂ ನಾನು ಮಾಡಿದ್ದು ಒಂದೇ ಕೆಲಸ, ತಲೆ ಎಣಿಸುವುದು. ಬಸ್ಸು ಹತ್ತುವಾಗ ಎಣಿಕೆ, ಇಳಿಯುವಾಗ ಎಣಿಕೆ, ನೀರು ಕುಡಿದ ಮೇಲೆ ಎಣಿಕೆ. ಒಂದು ತಲೆ ಕಡಿಮೆ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ನೋಡಿದರೆ ಆ ಹುಡುಗ ನನ್ನ ಬೆನ್ನ ಹಿಂದೆಯೇ ಪೇರಳೆ ತಿನ್ನುತ್ತ ನಿಂತಿರುತ್ತಿದ್ದ. ಮನೆಯವರೊಂದಿಗೆ ಹೋದರೂ ಅಷ್ಟೇ: ನಿನ್ನ ಚಪ್ಪಲಿ ಕಿತ್ತಿತೇ, ಅಪ್ಪನ ಮಾತ್ರೆ ಚೀಲದಲ್ಲಿದೆಯೇ, ಅತ್ತೆಗೆ ಕೂರಲು ಜಾಗ ಎಲ್ಲಿ. ಇನ್ನು ನಮ್ಮ ಸಂಘದ ಹೆಂಗಸರ ಬಳಗ ನನಗೆ ಪ್ರಾಣ. ಆದರೆ ಅವರ ಅಂತ್ಯಾಕ್ಷರಿ ಶುರುವಾದರೆ ಹಕ್ಕಿಗಳು ಊರು ಬಿಡುತ್ತವೆ. ಇಷ್ಟು ವರ್ಷ ಕಾಡಿಗೆ ಹೋಗಿ ಬಂದವಳಿಗೆ ಕಾಡನ್ನು ನೋಡಲು ಪುರಸೊತ್ತೇ ಆಗಿರಲಿಲ್ಲ.

ಕರ್ನಾಳಾವೇ ಯಾಕೆ ಎಂದರೆ, ಅದು ನಮ್ಮ ಊರಿನ ದಾರಿ. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾಗುವ ಮೊದಲು ನಾವು ಉಡುಪಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಪನ್ವೇಲ್ ದಾಟಿದ ಸ್ವಲ್ಪ ಹೊತ್ತಿಗೆ ರಸ್ತೆ ಕಾಡಿನೊಳಗೆ ನುಗ್ಗುತ್ತದೆ, ಗುಡ್ಡದ ನೆತ್ತಿಯ ಮೇಲೆ ಕಪ್ಪು ಬಂಡೆಯೊಂದು ಹೆಬ್ಬೆರಳು ಎತ್ತಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಆಗ 17 ಎನ್ನುತ್ತಿದ್ದ, ಈಗ 66 ಎಂಬ ಸಂಖ್ಯೆ ಹೊತ್ತ ಆ ಹೆದ್ದಾರಿ ಪನ್ವೇಲ್‌ನಿಂದ ಹೊರಟು ಕಾರವಾರ, ಉಡುಪಿ, ಮಂಗಳೂರು ದಾಟಿ ಕನ್ಯಾಕುಮಾರಿಯವರೆಗೆ ಹೋಗುತ್ತದೆ. ಪ್ರತಿ ಮೇ ತಿಂಗಳು ಬಸ್ಸಿನ ಕಿಟಕಿಯಿಂದ ಆ ಬಂಡೆ ಕಂಡ ಕೂಡಲೇ 'ಇನ್ನು ಊರಿಗೆ ಒಂದೇ ರಾತ್ರಿ' ಎಂದುಕೊಳ್ಳುತ್ತಿದ್ದೆ. ಅಲ್ಲಿ ಇಳಿದು, ಮಕ್ಕಳ ಸಾಲು ಇಲ್ಲದೆ, ಅದರ ಬುಡದವರೆಗೆ ನಡೆಯಬೇಕೆಂಬ ಆಸೆ ಆಗಿನದು.

ರಥಸಪ್ತಮಿ ಕಳೆದಿತ್ತು, ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಶಿವರಾತ್ರಿಗೆ ಚಳಿ 'ಶಿವ ಶಿವ' ಎನ್ನುತ್ತ ಹೋಗುತ್ತದೆ ಎನ್ನುತ್ತಾರಲ್ಲ, ಈ ಊರಿನಲ್ಲಿ ಹೋಗಲು ಚಳಿ ಬಂದಿದ್ದರೆ ತಾನೇ? ಆದರೂ ಬೆಳಗಿನ ಲೋಕಲ್‌ನಲ್ಲಿ ಕಿಟಕಿ ಪಕ್ಕ ಶಾಲು ಬೇಕಾಯಿತು. ವಾರದ ನಡುವಿನ ದಿನವನ್ನೇ ಆರಿಸಿದ್ದೆ, ಭಾನುವಾರ ಅಲ್ಲಿ ಜಾತ್ರೆ. ಪನ್ವೇಲ್‌ನಲ್ಲಿ ಪೇಣ್ ಕಡೆಯ ಎಸ್‌ಟಿ (ಸರ್ಕಾರಿ) ಬಸ್ ಹತ್ತಿದೆ. ಟಿಕೆಟ್ ಕೊಡುವಾಗ ಕಂಡಕ್ಟರ್ ಕೇಳಿದ, "ಒಬ್ಬರೇ?" ಆ ಪ್ರಶ್ನೆಯನ್ನು ಅಂದು ಎಲ್ಲರೂ ಕೇಳಿದರು, ಒಬ್ಬೊಬ್ಬರೂ ಒಂದೊಂದು ರಾಗದಲ್ಲಿ. ಅಭಯಾರಣ್ಯದ ಗೇಟಿನಲ್ಲಿ ಟಿಕೆಟ್ ಹರಿಯುವವನಿಗೆ ಅನುಮಾನ. ಬಾಗಿಲ ಬಳಿ ಬೋರೆಹಣ್ಣು, ಕೋಕಂ ಶರಬತ್ತು ಮಾರುವ ಹೆಂಗಸಿಗೆ ಮಾತ್ರ ಖುಷಿ. "ಒಳ್ಳೆಯದು ಮಾಡಿದಿರಿ. ಜೊತೆಗೆ ಬಂದವರು ದಾರಿಯುದ್ದಕ್ಕೂ ಅಡುಗೆ ಮಾತೇ ಆಡುತ್ತಾರೆ" ಎಂದಳು.

ಗೇಟಿನಲ್ಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಎಣಿಸಿ ಠೇವಣಿ ಇಟ್ಟುಕೊಳ್ಳುತ್ತಾರೆ, ವಾಪಸು ತಂದು ತೋರಿಸಿದರೆ ಹಣ ಮರಳಿಸುತ್ತಾರೆ. ನನ್ನದು ಸ್ಟೀಲಿನ ಬಾಟಲಿ. ಇಡೀ ಮುಂಬೈಗೆ ಈ ಪದ್ಧತಿ ತಂದರೆ ಏನಾಗಬಹುದು ಎಂದು ಯೋಚಿಸಿ ನಗು ಬಂತು. ಜಾಗ ದೊಡ್ಡದೇನಲ್ಲ, ಸುಮಾರು 12 ಚದರ ಕಿಲೋಮೀಟರ್. 1968ರಲ್ಲಿ ಪಕ್ಷಿಧಾಮವಾಯಿತು. ಒಳಗೆ ದಾರಿಗಳು ಕವಲೊಡೆಯುತ್ತವೆ. ಹರಿಯಾಲ್ ಎಂಬ ಹೆಸರಿನ ಸಣ್ಣ ಸುತ್ತು ಒಂದು (ಹರಿಯಾಲ್ ಎಂದರೆ ಹಳದಿ ಕಾಲಿನ ಹಸಿರು ಪಾರಿವಾಳ, ಮಹಾರಾಷ್ಟ್ರದ ರಾಜ್ಯಪಕ್ಷಿ), ಕೋಟೆಗೆ ಹತ್ತುವ ಕಡಿದಾದ ದಾರಿ ಇನ್ನೊಂದು. ಕೋಟೆಯ ದಾರಿ ಹಿಡಿದೆ.

ಈ ಕಾಲದಲ್ಲಿ ಅಲ್ಲಿ ನಡೆಯುವುದೆಂದರೆ ತರಗೆಲೆಯ ಮೇಲೆ ನಡೆಯುವುದು. ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳಲು ತೇಗದ ಮರಗಳು ಎಲೆ ಕಳಚಿ ನಿಂತಿರುತ್ತವೆ. ಒಂದೊಂದು ಎಲೆಯೂ ಅಂಗೈಗಿಂತ ದೊಡ್ಡದು. ಕಾಲಿಟ್ಟರೆ ಚರ್ ಎಂದು ಮುರಿಯುತ್ತದೆ. ಮೊದಲ ಅರ್ಧ ಗಂಟೆ ನನಗೆ ಕೇಳಿಸಿದ್ದು ನನ್ನದೇ ಸದ್ದು. ನಿಂತರೆ ಮಾತ್ರ ಉಳಿದವರ ಸದ್ದು. ಒಮ್ಮೆ ಹಾಗೆ ನಿಂತಾಗ ಬಲಗಡೆಯ ಪೊದೆಯಲ್ಲಿ ಯಾವುದೋ ಭಾರವಾದ ಪ್ರಾಣಿ ಹೆಜ್ಜೆ ಹಾಕಿದ ಸದ್ದಾಯಿತು. ನಿಂತಿತು. ಮತ್ತೆ ಬಂತು. ನೀನು ಫೋನಿನಲ್ಲಿ ಕೇಳಿದೆಯಲ್ಲ ಚಿರತೆ, ಅದೇ ನನ್ನ ತಲೆಗೂ ಬಂದದ್ದು. ಕೋಲು ಗಟ್ಟಿಯಾಗಿ ಹಿಡಿದು ಕಾದೆ. ಎಲೆಯೊಂದು ಎದ್ದು ಮಗುಚಿತು, ಅಡಿಯಿಂದ ಹೊರಬಂದದ್ದು ಗೇಣುದ್ದದ ಹಾವುರಾಣಿ. ಕಂಚಿನ ಬಣ್ಣ, ಮೈ ಎಣ್ಣೆ ಹಚ್ಚಿ ತಿಕ್ಕಿದಷ್ಟು ನುಣುಪು, ಪಕ್ಕೆಯಲ್ಲಿ ಕಡುಗಪ್ಪು ಪಟ್ಟಿ. ನನ್ನತ್ತ ಒಮ್ಮೆ ನೋಡಿ, ನಾಲಿಗೆ ಚಾಚಿ, ಮುಂದಿನ ಎಲೆಯಡಿಗೆ ಹೋಯಿತು. ಜೊತೆಗೆ ಇನ್ನೊಬ್ಬರಿದ್ದಿದ್ದರೆ ಇಬ್ಬರೂ ಕಿರುಚಿ ಓಡುತ್ತಿದ್ದೆವು, ಮನೆಗೆ ಬಂದು ಚಿರತೆಯ ಕತೆಯನ್ನೇ ಹೇಳುತ್ತಿದ್ದೆವು.

ಅದಾದ ಮೇಲೆ ಬಂಡೆಯೊಂದರ ಮೇಲೆ ಸುಮ್ಮನೆ ಕುಳಿತೆ. ಕುಟ್ರುಹಕ್ಕಿಗಳು ಕಾಡಿನ ಈ ತುದಿಯಿಂದ ಆ ತುದಿಗೆ ಕೂಗು ದಾಟಿಸುತ್ತಿದ್ದವು. ಇದ್ದಕ್ಕಿದ್ದಂತೆ ಗಿಡುಗ ಕೂಗಿತು, ಹಿಂದೆಯೇ ಬೇರೆ ಹಕ್ಕಿಯ ಸಿಳ್ಳು, ಆಮೇಲೆ ಮತ್ತೊಂದರದು. ಎಲ್ಲವೂ ಒಂದೇ ಕೊಂಬೆಯಿಂದ. ಭೀಮರಾಜ! ಕರ್ರಗಿನ ಹಕ್ಕಿ, ಬಾಲದ ಎರಡು ಗರಿಗಳು ತಂತಿಯಾಗಿ ಉದ್ದಕ್ಕೆ ಇಳಿದು ತುದಿಯಲ್ಲಿ ಮಾತ್ರ ಗರಿ ಅಗಲವಾಗಿ ತಿರುಚಿಕೊಂಡಿರುತ್ತದೆ. ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವುದರಲ್ಲಿ ಅದಕ್ಕೆ ಸಮ ಇಲ್ಲ. ಅದು ಬಂತೆಂದರೆ ಒಂದು ತಂಡವೇ ಬಂತೆಂದು ತಿಳಿ. ಮರಕುಟಿಗ ತೊಗಟೆ ಕುಟ್ಟುತ್ತದೆ, ಸಣ್ಣ ಹಕ್ಕಿಗಳು ಎಲೆ ಸರಿಸುತ್ತವೆ, ಬೆದರಿ ಹಾರಿದ ಹುಳುವನ್ನು ಭೀಮರಾಜ ಗಾಳಿಯಲ್ಲೇ ಹಿಡಿಯುತ್ತದೆ. ಬದಲಿಗೆ ಗಿಡುಗ ಬಂದರೆ ಎಲ್ಲರಿಗೂ ಎಚ್ಚರಿಕೆ ಕೊಡುವ ಕೆಲಸ ಅದರದ್ದು. ಎಚ್ಚರಿಕೆ ಕೊಟ್ಟ ಹಾಗೆ ಮಾಡಿ ಇನ್ನೊಬ್ಬರ ಹುಳು ಕಿತ್ತುಕೊಳ್ಳುವುದೂ ಉಂಟಂತೆ. ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳ ನೆನಪಾಯಿತು. ಇಡೀ ತಂಡ ನನ್ನ ತಲೆಯ ಮೇಲೆ ಹಾದು ಹೋಗಲು ಕಾಲು ಗಂಟೆ ಹಿಡಿಯಿತು. ನಾನು ಕದಲಲಿಲ್ಲ, ಅವೂ ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಗಳೇ, ಯಾರೂ ಲೆಕ್ಕಕ್ಕೆ ಹಿಡಿಯದೆ ಇರುವುದು ಅಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೇಲಿನ ದಾರಿಯಲ್ಲಿ ಬೂರುಗದ ಮರ ಹೂ ಬಿಟ್ಟಿತ್ತು. ಮರದಲ್ಲಿ ಒಂದು ಎಲೆ ಇಲ್ಲ, ಬರೀ ಕೆಂಪು. ಬಿದ್ದ ಹೂವೊಂದನ್ನು ಎತ್ತಿಕೊಂಡೆ. ಹೂವಿಗೆ ಇಷ್ಟು ತೂಕ ಇರಬಹುದೆಂದು ಅಂದುಕೊಂಡಿರಲಿಲ್ಲ. ಐದು ದಪ್ಪ ಎಸಳು, ನಡುವೆ ಕೇಸರಗಳ ಕಂತೆ, ಬುಡದಲ್ಲಿ ಇನ್ನೂ ಒಂದು ತೊಟ್ಟು ಮಕರಂದ, ಅದರ ಸುತ್ತ ಇರುವೆಗಳ ಸಭೆ. ಮೇಲೆ ಮೈನಾಗಳು ಜಗಳವಾಡುತ್ತ ಕುಡಿಯುತ್ತಿದ್ದವು.

ಕೋಟೆಯ ಚರಿತ್ರೆ ಹೇಳದೆ ಬಿಟ್ಟರೆ ಟೀಚರ್ ಆಗಿದ್ದು ದಂಡ. ಕೊಂಕಣದ ಬಂದರುಗಳಿಂದ ಬೋರ್ ಘಾಟ್ ಕಡೆಗೆ ಹೋಗುವ ವ್ಯಾಪಾರದ ದಾರಿಯ ಮೇಲೆ ಕಣ್ಣಿಡಲು ಕಟ್ಟಿದ್ದು. ದೇವಗಿರಿಯ ಯಾದವರ ಕೈಯಲ್ಲಿತ್ತು. ಸೇವುಣರು ಎಂದೂ ಕರೆಯುವ ಆ ಯಾದವರು ಕನ್ನಡದಲ್ಲಿಯೂ ನೂರಾರು ಶಾಸನ ಹಾಕಿಸಿದವರು, ಹಾಗಾಗಿ ಹತ್ತುವಾಗ ನನಗೂ ಸ್ವಲ್ಪ ಹಕ್ಕಿದೆ ಎನಿಸಿತು. 1657ರಲ್ಲಿ ಶಿವಾಜಿ ಗೆದ್ದರು. 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟ 23 ಕೋಟೆಗಳಲ್ಲಿ ಇದೂ ಸೇರಿತ್ತು, 1670ರಲ್ಲಿ ಮರಾಠರಿಗೆ ಮರಳಿ ಬಂತು. 1818ರಲ್ಲಿ ಬ್ರಿಟಿಷರದಾಯಿತು. ಈಗ ಉಳಿದಿರುವುದು ಮುರುಕು ಬಾಗಿಲು, ಗೋಡೆ, ಬಂಡೆಯ ಬುಡದಲ್ಲಿ ಕೊರೆದ ನೀರಿನ ತೊಟ್ಟಿಗಳು, ಅಷ್ಟೆ. ಬಸ್ಸಿನಿಂದ ಕಾಣುತ್ತಿದ್ದ ಆ ಬಂಡೆ ಹತ್ತಿರದಿಂದ ನೋಡಿದರೆ ಸುಮಾರು 125 ಅಡಿ ಎತ್ತರದ ಕರಿಕಲ್ಲಿನ ಕಂಬ. ದಖ್ಖನ್ನಿನ ಮೇಲೆ ಲಾವಾ ಹರಿದು ಸುಮಾರು 6.6 ಕೋಟಿ ವರ್ಷಗಳಾದವು. ಸುತ್ತಲಿನ ಮೆದು ಕಲ್ಲೆಲ್ಲ ಮಳೆಗೆ ಕರಗಿ ಹೋಗಿದೆ, ಇದು ನಿಂತಿದೆ.

ಆ ಕಂಬದ ಬಿರುಕುಗಳಲ್ಲಿ ಹೆಜ್ಜೇನು ಕಟ್ಟಿದೆ. ಕರ್ನಾಳಾದಲ್ಲಿ ಹೆದರಬೇಕಾದದ್ದು ಇದಕ್ಕೆ. ಹೊಗೆ, ಗದ್ದಲ, ಘಾಟು ಸೆಂಟು ಯಾವುದೂ ಅವಕ್ಕೆ ಆಗದು. ಒಂದು ಹುಳು ಚುಚ್ಚಿದರೆ ಆ ಜಾಗದ ವಾಸನೆ ಹಿಡಿದು ಉಳಿದವೂ ಅಲ್ಲಿಗೇ ಬರುತ್ತವೆ. ನಾನು ಅಂದು ತಲೆಗೆ ಹೂ ಮುಡಿಯಲಿಲ್ಲ, ಪೌಡರ್ ಕೂಡ ಹಚ್ಚಿರಲಿಲ್ಲ. ತೊಟ್ಟಿಯ ಬಳಿ ಕುಳಿತಿದ್ದಾಗ ಕೆಳಗಿನಿಂದ ಹಾಡು ಕೇಳಿಸಿತು. ಹುಡುಗರ ಗುಂಪು, ಒಬ್ಬನ ಚೀಲಕ್ಕೆ ಸ್ಪೀಕರ್ ಕಟ್ಟಿತ್ತು. ಅವರು ಬಾಗಿಲು ದಾಟುವ ಮೊದಲೇ ಎದ್ದು ಹೋಗಿ ಬೆರಳು ಮೇಲೆ ತೋರಿಸಿದೆ. ಜೇನುತಟ್ಟಿಗಳನ್ನು ನೋಡಿ ಹಾಡು ತಾನಾಗಿಯೇ ನಿಂತಿತು. "ಮಾವಶಿ, ನೀವು ಒಬ್ಬರೇ ಬಂದಿರಾ?" ಎಂದ ಸ್ಪೀಕರಿನ ಹುಡುಗ. ಅವನ ರಾಗದಲ್ಲಿ ಅನುಮಾನವೂ ಇರಲಿಲ್ಲ, ಮರುಕವೂ ಇರಲಿಲ್ಲ. ಇಳಿಯಲು ಕಬ್ಬಿಣದ ಸರಳು ಇರುವ ಜಾಗ ಯಾವುದು ಎಂದು ಕೇಳಿಕೊಂಡ. ತೋರಿಸಿದೆ.

ಈಗ ನಿನ್ನ ಭಯಕ್ಕೆ ಬರುತ್ತೇನೆ. ಚಿರತೆ ಎಂದೆ, ಜಾರಿ ಬೀಳುವುದು ಎಂದೆ. ಬಾಯಿ ಬಿಟ್ಟು ಹೇಳದೆ ಉಳಿಸಿದ್ದು ಗಂಡಸರ ಭಯ. ನನಗೂ ಅದೇ ಮೊದಲ ಭಯ. ಅದಕ್ಕಾಗಿಯೇ ಗುರುತು ಪರಿಚಯ ಇಲ್ಲದ ಕಾಡಿಗೆ ಹೋಗಲಿಲ್ಲ. ಗೇಟು ಇರುವ, ಟಿಕೆಟ್ ಹರಿಯುವ, ಬಾಗಿಲಲ್ಲಿ ಹೆಂಗಸರು ವ್ಯಾಪಾರ ಮಾಡುವ ಜಾಗ ಆರಿಸಿದೆ. ಯಾವ ದಾರಿ ಹತ್ತುತ್ತೇನೆ, ಎಷ್ಟು ಹೊತ್ತಿಗೆ ಇಳಿಯುತ್ತೇನೆ ಎಂದು ಶರಬತ್ತಿನ ಹೆಂಗಸಿಗೆ ಹೇಳಿಯೇ ಹೊರಟೆ. ಮಧ್ಯಾಹ್ನ ಕೆಳಗಿಳಿದು ಅಕ್ಕಿಯ ಭಾಕ್ರಿ (ರೊಟ್ಟಿ), ಕಡಲೆಹಿಟ್ಟಿನ ಝುಣಕಾ ತಿಂದದ್ದೂ ಅಲ್ಲಿಯೇ. ಹತ್ತು ನಿಮಿಷ ತಡವಾಗಿದ್ದಕ್ಕೆ ಅವಳೂ ನನ್ನನ್ನು ಬೈದಳು, ನಿನಗಿಂತ ಚೆನ್ನಾಗಿ. ಜೊತೆಗೆ ಜನ ಇದ್ದಾಗ ಯಾರೋ ನೋಡಿಕೊಳ್ಳುತ್ತಾರೆ ಎಂಬ ಸಸಾರ ಇರುತ್ತದೆ. ಒಬ್ಬಳೇ ಇಳಿಯುವಾಗ ಪ್ರತಿ ಕಲ್ಲನ್ನೂ ಕೋಲಿನಿಂದ ತಟ್ಟಿ ನೋಡಿ ಕಾಲಿಟ್ಟೆ. ಇಷ್ಟು ವರ್ಷ ಬೇರೆಯವರ ತಲೆಗೆ ಖರ್ಚಾದ ಜಾಗ್ರತೆ ಅಂದು ಪೂರ್ತಿ ನನ್ನ ಕಾಲಿಗೆ ಸಿಕ್ಕಿತು.

ನೀನು ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಕ್ಯಾಬ್ ಹಿಡಿದು ಮನೆಗೆ ಬರುತ್ತೀಯೆ. ಕೆಲಸ ಬಿಡು ಎಂದು ನಾನು ಎಂದೂ ಹೇಳಿಲ್ಲ. ಮನೆ ಮುಟ್ಟಿದ ಮೇಲೆ ಒಂದು ಸಂದೇಶ ಕಳಿಸು ಎಂದೆ, ಕಳಿಸುತ್ತೀಯೆ. ನಾನೂ ಹಾಗೆಯೇ ಕಳಿಸುತ್ತೇನೆ, ಹತ್ತುವ ಮೊದಲು ಒಂದು, ಇಳಿದ ಮೇಲೆ ಒಂದು. ಕಾಡಿನೊಳಗೆ ನೆಟ್‌ವರ್ಕ್ ಸಿಗುವುದು ಕಷ್ಟ. ಆ ಹೊತ್ತಿನಲ್ಲಿ ಅಪ್ಪನಿಗೆ ಕರೆ ಮಾಡಿ ಅವರ ರಕ್ತದೊತ್ತಡ ಏರಿಸಬೇಡ. ಮಾರ್ಚ್ ಮುಗಿಯುವುದರೊಳಗೆ ಇನ್ನೊಮ್ಮೆ ಹೋಗುವುದಿದೆ, ಈ ಸಲ ಹರಿಯಾಲ್ ಸುತ್ತು. ಆಮೇಲೆ ಸೆಕೆ, ಮಳೆ ಮುಗಿಯುವ ತನಕ ಮಾತೇ ಇಲ್ಲ.

ಶಿವರಾತ್ರಿಗೆ ಬರುವುದು ಖಚಿತವಾದರೆ ರೈಲಿನ ಹೆಸರು, ಸಮಯ ತಿಳಿಸು. ಬರುವಾಗ ಕಾಫಿ ಪುಡಿ ತಾ, ಚಿಕೋರಿ ಬೆರೆಸದೆ ಇರುವುದು. ಹೋದ ಸಲ ತಂದದ್ದನ್ನು ಅಪ್ಪ ಇನ್ನೂ ಬೈಯುತ್ತಿದ್ದಾರೆ.

ಇಂತಿ,
ನಿನ್ನ ಅಮ್ಮ