ಮೈಸೂರು ದಸರೆಗೆ ಹೊರಡುವವರಿಗೆ
ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಸಿದ್ದಾಪುರ ಮೇಲೆ ತಾಳಗುಪ್ಪಕ್ಕೆ ಹೋಗಿ ರಾತ್ರಿ ರೈಲು ಹತ್ತೋಣ. ಬೆಳಿಗ್ಗೆ ಮೈಸೂರು.

ವಿಜಯದಶಮಿ ದಿನವೇ ಆಗಬೇಕು ಅಂತ ಹಟ ಬೇಡ. 750 ಕಿಲೋ ಅಂಬಾರಿ ಹೊತ್ತ ಆನೆ ನೋಡಲು ಚಂದವೇ, ಆದರೆ ಪಾಸಿಲ್ಲದವರು ಸಯ್ಯಾಜಿರಾವ್ ರಸ್ತೆ ಬದಿ ಮೊದಲೇ ಜಾಗ ಹಿಡಿದು ಬಿಸಿಲಲ್ಲಿ ಕೂರಬೇಕು. ವಯಸ್ಸಾದವರಿಗೆ ಆಗದು. ನಡುವಿನ ಒಂದು ದಿನ ಹೋದರೆ ಅರಮನೆಯನ್ನು ನಿಧಾನಕ್ಕೆ ನೋಡಬಹುದು. ಕಲ್ಯಾಣ ಮಂಟಪದ ಗೋಡೆಗಳಲ್ಲಿ ಹಳೇ ದಸರಾ ಮೆರವಣಿಗೆಯ ಚಿತ್ರಗಳಿವೆ. ಜನರ ಮುಖಗಳನ್ನೂ ಬಿಡದೆ ಬರೆದಿದ್ದಾರೆ. ಚಪ್ಪಲಿ ಹೊರಗೇ ಬಿಡಬೇಕು. ಸಂಜೆ ಏಳರೊಳಗೆ ಅಂಗಳದಲ್ಲಿರಿ, ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಲೇ ಹತ್ತುತ್ತವೆ.

ಎಲೆ-ಅಡಿಕೆ ಕವಳದ ಸಂಚಿ ರೂಮಿನಲ್ಲೇ ಇರಲಿ ಮಾರಾಯ್ರೆ, ಅಲ್ಲಿ ಉಗುಳೋಕೆ ಜಾಗ ಇಲ್ಲ!

ಟಿಕೆಟ್ ಬೇಗ ಮುಗಿಯುತ್ತೆ. ಬರುವವರು ಭಾನುವಾರದೊಳಗೆ ಹೆಸರು, ವಯಸ್ಸು ಇಲ್ಲೇ ಹಾಕಿ.