ಉಯಿಲು ಬರೆಸಿದೆ, ಆಸ್ತಿಗಲ್ಲ

ಮಾನ್ಯರೇ,

ನಮ್ಮ ಯಜಮಾನರು ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಆ ಹೊಗೆಗೋ ಏನೋ, ಕೊನೆಗೆ ಶ್ವಾಸಕೋಶ ಕೈಕೊಟ್ಟಿತು. "ನಂಗೆ ಪೈಪು ಗೀಪು ಹಾಕಿಸಬ್ಯಾಡ್ರಿ" ಎನ್ನುತ್ತಲೇ ಇದ್ದರು. ನಾವ್ಯಾರೂ ಬರೆದಿಡಲಿಲ್ಲ. ಕೊನೆಗೆ ಹನ್ನೊಂದು ದಿನ ವೆಂಟಿಲೇಟರ್. ಪೈಪು ಕಿತ್ತುಕೊಳ್ಳುತ್ತಾರೆ ಎಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಇನ್ನು ಚೇತರಿಸುವುದಿಲ್ಲ ಎಂದು ಮೂರನೇ ದಿನವೇ ಡಾಕ್ಟರು ಹೇಳಿದ್ದರು. "ಹಂಗಾದ್ರೆ ಮನೆಗೆ ಕರ್ಕೊಂಡು ಹೋಗ್ತೀವಿ" ಎಂದೆ. "ಆಗಲ್ಲಮ್ಮ, ನಮ್ಮ ಮೇಲೆ ಕೇಸ್ ಆಗುತ್ತೆ" ಎಂದರು. ಮಗ ಆಟೊ ಮಾರಿದ. ಕೈ ಬಿಚ್ಚಿದ್ದು ಉಸಿರು ನಿಂತ ಮೇಲೆ.

ಹಾಗಾಗಿ, ಚೇತರಿಸುವ ಆಸೆ ಇಲ್ಲದಾಗ ನನ್ನನ್ನು ಯಂತ್ರದ ಮೇಲೆ ಇಡಬೇಡಿ ಎಂದು ನನ್ನ ಉಯಿಲನ್ನು ನಾನು ಬರೆಸಿಟ್ಟೆ. ಇದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ. 2023ರಿಂದ ಮ್ಯಾಜಿಸ್ಟ್ರೇಟ್ ಸಹಿಯೂ ಬೇಡ, ಇಬ್ಬರು ಸಾಕ್ಷಿ ಮತ್ತು ನೋಟರಿ ಇದ್ದರಾಯಿತು. 2025ರ ಜನವರಿಯಲ್ಲಿ ನಮ್ಮ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿತು. ಬರೆದಿಡದಿದ್ದರೂ ಮನೆಯವರ ಒಪ್ಪಿಗೆಯ ಮೇಲೆ ದಾರಿ ಇದೆ. ಅದನ್ನು ನಮಗೆ ಆವತ್ತು ಯಾರೂ ಹೇಳಲಿಲ್ಲ.

ನೋಟರಿಯವರು ಪೆನ್ನು ತೆಗೆದು, "ಯಾವ ಸೈಟು, ಯಾರ ಹೆಸರಿಗೆ?" ಎಂದರು. "ಸೈಟಿಲ್ಲಪ್ಪ, ನನ್ನ ಮೈದು" ಎಂದೆ. ಪಾಪ, ಗಾಬರಿಯಾದರು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಅಂದುಕೊಂಡಿದ್ದರು. ಅದಲ್ಲ. ಗುಣವಾಗುವ ಆಸೆಯೇ ಇಲ್ಲದಾಗ, ಮೂವರು ಮೂವರು ಡಾಕ್ಟರುಗಳ ಎರಡು ಮಂಡಳಿ ಒಪ್ಪಿದ ಮೇಲೆ ಯಂತ್ರ ತೆಗೆಯುವುದು. ನೋವಿನ ಔಷಧಿ, ಆರೈಕೆ ನಿಲ್ಲುವುದಿಲ್ಲ.

ಎದುರು ಮನೆ ಟೀಚರು, ಹಾಲಿನವನು ಸಾಕ್ಷಿ ಹಾಕಿದರು. ಇದರ ಒಂದು ಪ್ರತಿಯನ್ನು ಸ್ಥಳೀಯ ಆಡಳಿತ ನೇಮಿಸಿದ ಅಧಿಕಾರಿ ಇಟ್ಟುಕೊಳ್ಳಬೇಕು. ಆ ಅಧಿಕಾರಿ ಯಾರು? ಮೂರು ಸಲ ಅಲೆದೆ. ಒಬ್ಬ ಗುಮಾಸ್ತರು, "ಗುಂಡುಕಲ್ಲಿನ ಹಂಗೆ ಇದ್ದೀರಿ, ಯಾಕಜ್ಜಿ ಸಾಯೋ ಮಾತು?" ಎಂದು ಟೀ ಕುಡಿಸಿ ಕಳಿಸಿದರು. ಒಳ್ಳೆ ಮನುಷ್ಯ. ಆದರೆ ಸೀಲು ಬೀಳಲಿಲ್ಲ.

ಗೌರವದಿಂದ ಸಾಯುವ ಹಕ್ಕಿಗಾಗಿ ಎರಡು ದಶಕಕ್ಕೂ ಜಾಸ್ತಿ ಹೋರಾಡಿದ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ನಮ್ಮ ದಾವಣಗೆರೆಯವರೇ ಅಲ್ವಾ? ಅವರ ಊರಲ್ಲಾದರೂ ಆ ಅಧಿಕಾರಿಯ ಹೆಸರು ಬರೆದ ಒಂದು ಬೋರ್ಡು, ಕನ್ನಡದಲ್ಲಿ ಒಂದು ಅರ್ಜಿ ನಮೂನೆ ಇರಲಿ. ಐಸಿಯು ಬಾಗಿಲಲ್ಲೂ ಒಂದು ಹಚ್ಚಲಿ.

ಸದ್ಯಕ್ಕೆ ನನ್ನ ಕಾಗದ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಕೆಳಗಿದೆ. ಮಗಳಿಗೆ ತೋರಿಸಿದೆ. ಓದದೆ ಮಡಚಿಟ್ಟಳು. ಎಲ್ಲಿದೆ ಅಂತ ಮಾತ್ರ ಗೊತ್ತು ಅವಳಿಗೆ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ದಾವಣಗೆರೆ